ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ದುಡಿಮೆ



ಪಹಣಿಯ ಬೆಲೆ ಏನೆಂಬುದನ್ನು ಬೇಸಾಯಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಲ ನಿಮ್ಮದೇ ಇರಬಹುದು, ಉತ್ತವರೂ ಬಿತ್ತಿದವರೂ ನೀವೇ ಇರಬಹುದು. ಆದರೆ ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಸಾಲ ಹುಟ್ಟುವುದಿಲ್ಲ, ಬೆಳೆ ಪರಿಹಾರ ಬರುವುದಿಲ್ಲ, ನಾಳೆ ತಕರಾರು ಬಂದರೆ ನಿಮ್ಮ ಮಾತಿಗೆ ಆಧಾರವಿರುವುದಿಲ್ಲ. 1974ರ ಮಾರ್ಚ್ 1ರಿಂದ ನಮ್ಮ ರಾಜ್ಯದಲ್ಲಿ ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಜಾರಿಗೆ ಬಂದಾಗ ಗೇಣಿದಾರರು 7ನೇ ನಂಬರಿನ ಫಾರಂ ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತರು. ಸಾಗುವಳಿ ಕಲಮಿನಲ್ಲಿ ಹೆಸರಿದ್ದವರ ದಾರಿ ಸುಲಭವಾಯಿತು. ತಲೆಮಾರಿನಿಂದ ಉತ್ತಿದ್ದರೂ ಹೆಸರು ಬರೆಸದವರು ಸಾಕ್ಷಿಗಳನ್ನು ಹುಡುಕುತ್ತ ಅಲೆಯಬೇಕಾಯಿತು. ಈ ಪಾಠ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತು.

ಭೂಮಿಯ ವಿಷಯದಲ್ಲಿ ಕಲಿತ ಈ ಪಾಠವನ್ನು ನಾವು ದುಡಿಮೆಯ ವಿಷಯದಲ್ಲಿ ಮರೆತಿದ್ದೇವೆ. ಇಂದು ಹಳ್ಳಿಯ ಬಹಳ ಮನೆಗಳಲ್ಲಿ ಒಬ್ಬರಲ್ಲ ಒಬ್ಬರು ಪಟ್ಟಣದಲ್ಲಿ ದುಡಿಯುತ್ತಾರೆ. ಒಬ್ಬನು ಬೆಂಗಳೂರಿನ ಹೋಟೆಲಿನಲ್ಲಿ ಸಪ್ಲೈಯರ್, ಇನ್ನೊಬ್ಬನು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿ, ಮಗಳು ಆಸ್ಪತ್ರೆಯಲ್ಲಿ ಹೌಸ್‌ಕೀಪಿಂಗ್, ಸೊಸೆ ನಾಲ್ಕು ಮನೆಗಳಲ್ಲಿ ಪಾತ್ರೆ ಬಟ್ಟೆ. ಹೊಲದ ಸಾಲ ತೀರುವುದೂ, ಬೋರ್‌ವೆಲ್ ಕೊರೆಸುವುದೂ ಎಷ್ಟೋ ವೇಳೆ ಆ ಸಂಬಳದಿಂದಲೇ. ಆದರೆ ಆ ಸಂಬಳಗಾರನ ಹೆಸರು ಮಾಲೀಕನ ಪುಸ್ತಕದಲ್ಲಿ ಇದೆಯೇ? ಇದನ್ನು ಕೇಳುವವರು ಕಡಿಮೆ. ಈ ಸಂಚಿಕೆಯಲ್ಲಿ ಆ ಪ್ರಶ್ನೆಯನ್ನೇ ನಿಮ್ಮ ಮುಂದೆ ಇಡುತ್ತೇವೆ.

ಬರೆಯದ ದುಡಿಮೆ ಎಂದರೇನು?

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಇದು ಕಳ್ಳ ಕೆಲಸವಲ್ಲ. ಅಡುಗೆ ಮಾಡುವುದು, ನೆಲ ಒರೆಸುವುದು, ಕಾವಲು ಕಾಯುವುದು, ಗಾಡಿ ಓಡಿಸುವುದು, ಕ್ಷೌರ ಮಾಡುವುದು ಎಲ್ಲವೂ ಮರ್ಯಾದೆಯ ದುಡಿಮೆ. ಕೆಲಸ ನ್ಯಾಯವಾದದ್ದೇ, ಕೂಲಿಯೂ ಸಲ್ಲುತ್ತದೆ. ಆದರೆ ಕೆಲಸ ಕೊಟ್ಟವನು ಸರ್ಕಾರಕ್ಕೆ ತಿಳಿಸಬೇಕಾದ ಕಡೆ ತಿಳಿಸಿರುವುದಿಲ್ಲ. ಇಂಥದನ್ನೇ ಬರೆಯದ ದುಡಿಮೆ ಎನ್ನುತ್ತೇವೆ. ಅದು ನಾಲ್ಕು ವೇಷಗಳಲ್ಲಿ ಬರುತ್ತದೆ.

ಒಂದನೆಯದು, ಪೂರಾ ಬರೆಯದಿರುವುದು. ಹಾಜರಿ ಪುಸ್ತಕವೂ ಇಲ್ಲ, ಸಂಬಳದ ಚೀಟಿಯೂ ಇಲ್ಲ. ತಿಂಗಳ ಕೊನೆಗೆ ಗಲ್ಲಾಪೆಟ್ಟಿಗೆಯಿಂದ ತೆಗೆದು ಕೈಗೆ ಕೊಟ್ಟರೆ ಮುಗಿಯಿತು.

ಎರಡನೆಯದು, ಅರ್ಧ ಬರೆಯುವುದು. ಕೈಗೆ 16 ಸಾವಿರ ಕೊಟ್ಟು ಪುಸ್ತಕದಲ್ಲಿ 9 ಸಾವಿರ ತೋರಿಸುವುದು. ನಾಳೆ ಪರಿಹಾರವನ್ನೋ ಪಿಂಚಣಿಯನ್ನೋ ಲೆಕ್ಕ ಹಾಕುವಾಗ 9 ಸಾವಿರವೇ ಆಧಾರವಾಗುತ್ತದೆ.

ಮೂರನೆಯದು, ಆಳನ್ನು ಆಳೆಂದು ಒಪ್ಪದಿರುವುದು. ‘ಇವನು ನಮ್ಮ ನೌಕರನಲ್ಲ, ಪಾಲುದಾರ, ಸ್ವಂತ ಉದ್ಯೋಗಿ’ ಎಂದು ಹೇಳುವುದು. ಬೈಕಿನಲ್ಲಿ ಊಟದ ಪೊಟ್ಟಣ ಹಂಚುವ ಹುಡುಗರಿಗೆ ಕಂಪನಿಗಳು ಇಟ್ಟಿರುವ ಹೆಸರು ಇದೇ.

ನಾಲ್ಕನೆಯದು, ನಡುವೆ ಗುತ್ತಿಗೆದಾರನನ್ನು ನಿಲ್ಲಿಸುವುದು. ಕೆಲಸ ದೊಡ್ಡ ಆಸ್ಪತ್ರೆಯದು, ಆಳು ಏಜೆನ್ಸಿಯವನದು, ಏಜೆನ್ಸಿಯವನು ಇನ್ನೊಬ್ಬ ಮೇಸ್ತ್ರಿಗೆ ವಹಿಸಿರುತ್ತಾನೆ. ಕೇಳಿದರೆ ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುತ್ತಾರೆ.

ಸೇವೆಯ ಉದ್ಯೋಗದಲ್ಲೇ ಏಕೆ ಹೆಚ್ಚು?

ಕಾರ್ಖಾನೆಯಲ್ಲಿ ನೇಯ್ದ ಬಟ್ಟೆ ಗೋದಾಮಿನಲ್ಲಿ ಇರುತ್ತದೆ. ಇಷ್ಟು ಸರಕು ಬಂದಿದೆ, ಇಷ್ಟು ಆಳು ದುಡಿದಿರಬೇಕು ಎಂದು ಲೆಕ್ಕ ಹಿಡಿಯಬಹುದು. ಆದರೆ ತಿಂದ ಊಟ, ತೊಳೆದ ನೆಲ, ಕಾಯ್ದ ರಾತ್ರಿ ಇವು ಗುರುತು ಉಳಿಸುವುದಿಲ್ಲ. ಕೆಲಸ ನಡೆದ ಕ್ಷಣವೇ ಮುಗಿದುಹೋಗುತ್ತದೆ.

ಇದರ ಜೊತೆಗೆ ಈ ಉದ್ಯೋಗಗಳು ಸಣ್ಣವು, ಚದುರಿದವು. ಒಂದು ಮನೆಯಲ್ಲಿ ಒಬ್ಬಳು, ಒಂದು ಗೇಟಿನಲ್ಲಿ ಇಬ್ಬರು, ಒಂದು ಕ್ಷೌರದಂಗಡಿಯಲ್ಲಿ ಮೂವರು. ತನಿಖಾಧಿಕಾರಿ ಎಷ್ಟು ಬಾಗಿಲು ತಟ್ಟಿಯಾನು? ಹೋಟೆಲಿನಲ್ಲಿ ಆಳುಗಳು ತಿಂಗಳಿಗೊಮ್ಮೆ ಬದಲಾಗುತ್ತಾರೆ. ಬಿತ್ತನೆಗೆ, ಸುಗ್ಗಿಗೆ, ಜಾತ್ರೆಗೆ ನಮ್ಮ ಹುಡುಗರು ಊರಿಗೆ ಬರುತ್ತಾರೆ. ಮರಳಿದಾಗ ಬೇರೆ ಹೋಟೆಲು ಸೇರುತ್ತಾರೆ. ಮದುವೆಯ ಕಾಲದಲ್ಲಿ ಕಲ್ಯಾಣ ಮಂಟಪದ ಅಡುಗೆ ಕಂಟ್ರಾಕ್ಟರಿಗೆ ಐವತ್ತು ಜನ ಬೇಕು, ಆಷಾಢದಲ್ಲಿ ಐದು ಜನ ಸಾಕು. ಹೀಗೆ ಬರೆಯದಿರುವುದಕ್ಕೆ ನೆಪ ಹೇರಳವಾಗಿ ಸಿಗುತ್ತದೆ.

ಇದು ಎಲ್ಲೋ ಒಂದೆರಡು ಕಡೆ ನಡೆಯುವ ಸಂಗತಿಯಲ್ಲ. ಭಾರತ ಸರ್ಕಾರದ 2023-24ರ ಕಾರ್ಮಿಕ ಬಲ ಸಮೀಕ್ಷೆಯನ್ನು ನೋಡಿರಿ. ಬೇಸಾಯವಲ್ಲದ ಉದ್ಯೋಗಗಳಲ್ಲಿ ತಿಂಗಳ ಸಂಬಳಕ್ಕೆ ದುಡಿಯುವವರ ಪೈಕಿ ನೂರಕ್ಕೆ ಸುಮಾರು 58 ಜನರಿಗೆ ಬರವಣಿಗೆಯ ಕರಾರೇ ಇರಲಿಲ್ಲ. ಅರ್ಧಕ್ಕಿಂತ ಹೆಚ್ಚು ಜನರಿಗೆ ಯಾವ ಸಾಮಾಜಿಕ ಭದ್ರತೆಯೂ ಇರಲಿಲ್ಲ. ದಿನಗೂಲಿಯವರ ಮಾತು ಇದರಲ್ಲಿ ಸೇರಿಲ್ಲ. ಇದು ಸಂಬಳದವರ ಲೆಕ್ಕ.

ಬರೆದರೆ ಏನು ಬರುತ್ತದೆ?

ಕಾಯಿದೆಗಳು ಇಲ್ಲವೆಂದಲ್ಲ. ಕಾಯಿಲೆ, ಅಪಘಾತಗಳಿಗೆ 1948ರ ಇ.ಎಸ್.ಐ. ಕಾಯಿದೆ ಬಂದಿತು. ಮುಪ್ಪಿನ ಕಾಲಕ್ಕೆ 1952ರ ಭವಿಷ್ಯನಿಧಿ ಕಾಯಿದೆ, ಅಂದರೆ ಪಿ.ಎಫ್., ಬಂದಿತು. ನಮ್ಮದು ಮೈಸೂರು ರಾಜ್ಯವಾಗಿದ್ದಾಗಲೇ, 1961ರಲ್ಲಿ, ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಆಗಿ, ಹೋಟೆಲು ಅಂಗಡಿಗಳ ನೋಂದಣಿಯೂ ವಾರದ ರಜೆಯೂ ಕಡ್ಡಾಯವಾದವು. ಇಂಥ ಹಲವು ಕಾಯಿದೆಗಳನ್ನು ಒಂದುಗೂಡಿಸಲು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ರಚಿಸಿ 2025ರ ನವೆಂಬರ್ 21ರಂದು ಜಾರಿಗೆ ತಂದಿತು. ಇ.ಎಸ್.ಐ.ಗೆ 10 ಆಳು, ಪಿ.ಎಫ್.ಗೆ 20 ಆಳು ಎಂಬ ಮಿತಿಯನ್ನು ಅಲ್ಲಿಯೂ ಉಳಿಸಿಕೊಳ್ಳಲಾಗಿದೆ.

ಲೆಕ್ಕ ಹಾಕಿ ನೋಡೋಣ. ನಿಮ್ಮ ಮಗನಿಗೆ ತಿಂಗಳಿಗೆ 14,000 ರೂಪಾಯಿ ಸಂಬಳ, ಅದು ಪೂರಾ ಪುಸ್ತಕದಲ್ಲಿ ಬರೆದಿದೆ ಎನ್ನೋಣ.

ಪಿ.ಎಫ್.ಗೆ ಅವನಿಂದ ನೂರಕ್ಕೆ 12ರಂತೆ 1,680 ರೂಪಾಯಿ ಹಿಡಿಯುತ್ತಾರೆ. ಮಾಲೀಕನೂ ಅಷ್ಟೇ ಹಾಕಬೇಕು. ಮಾಲೀಕನ ಪಾಲಿನಲ್ಲಿ 1,166 ರೂಪಾಯಿ ಪಿಂಚಣಿಯ ಖಾತೆಗೆ, 514 ರೂಪಾಯಿ ಪಿ.ಎಫ್. ಖಾತೆಗೆ ಹೋಗುತ್ತದೆ. 2019ರ ಜುಲೈನಲ್ಲಿ ಗೊತ್ತುಮಾಡಿದ ದರದಂತೆ ಇ.ಎಸ್.ಐ.ಗೆ ಮಗನಿಂದ ನೂರಕ್ಕೆ ಮುಕ್ಕಾಲು, ಅಂದರೆ 105 ರೂಪಾಯಿ. ಮಾಲೀಕನಿಂದ ನೂರಕ್ಕೆ ಮೂರೂಕಾಲು, ಅಂದರೆ 455 ರೂಪಾಯಿ. ಒಟ್ಟಿನಲ್ಲಿ ಮಗನ ಕೈಗೆ 1,785 ರೂಪಾಯಿ ಕಡಿಮೆ ಬರುತ್ತದೆ. ಮಾಲೀಕನು ಮೇಲಿನಿಂದ 2,135 ರೂಪಾಯಿ ಸೇರಿಸುತ್ತಾನೆ.

‘ಅಯ್ಯೋ, ತಿಂಗಳಿಗೆ 1,785 ಹೋಯಿತಲ್ಲ’ ಎನ್ನುವವರು ಮುಂದಿನ ಲೆಕ್ಕವನ್ನೂ ನೋಡಬೇಕು. ಪಿ.ಎಫ್. ಖಾತೆಯಲ್ಲಿ ತಿಂಗಳಿಗೆ 2,194 ರೂಪಾಯಿಯಂತೆ ವರ್ಷಕ್ಕೆ 26,328 ರೂಪಾಯಿ ಕೂಡುತ್ತದೆ. ಐದು ವರ್ಷಕ್ಕೆ 1,31,640 ರೂಪಾಯಿ, ಬಡ್ಡಿ ಬೇರೆ. ಹತ್ತು ವರ್ಷ ಸೇವೆ ತುಂಬಿದರೆ ಪಿಂಚಣಿಗೆ ಹಕ್ಕು ಬರುತ್ತದೆ. ಸೇವೆಯಲ್ಲಿರುವಾಗಲೇ ತೀರಿಕೊಂಡರೆ ಪಿ.ಎಫ್. ಜೊತೆಗಿರುವ ವಿಮೆಯಿಂದ ಮನೆಯವರಿಗೆ ಹಣ ಬರುತ್ತದೆ; 2021ರಲ್ಲಿ ಅದರ ಮೇಲ್ಮಿತಿಯನ್ನು 7 ಲಕ್ಷ ರೂಪಾಯಿಗೆ ಏರಿಸಿದ್ದಾರೆ.

ಇನ್ನು ಇ.ಎಸ್.ಐ.ಯ 105 ರೂಪಾಯಿಗೆ ಏನು ಸಿಗುತ್ತದೆ? ಅವನಿಗೂ ಅವನ ಹೆಂಡತಿ ಮಕ್ಕಳಿಗೂ ಅವನನ್ನೇ ನೆಚ್ಚಿದ ತಂದೆ ತಾಯಿಗೂ ಔಷಧೋಪಚಾರ. ಕಾಯಿಲೆಯಿಂದ ಮಲಗಿದರೆ, ಕಂತು ಸಾಕಷ್ಟು ದಿನ ಸಂದಿದ್ದಲ್ಲಿ, ವರ್ಷಕ್ಕೆ 91 ದಿನದವರೆಗೆ ಸಂಬಳದ ನೂರಕ್ಕೆ 70 ಭಾಗ. ಹೆರಿಗೆಗೆ 26 ವಾರದ ಸಂಬಳ. ಕೆಲಸದಲ್ಲಿ ಪೆಟ್ಟಾದರೆ ಗುಣವಾಗುವವರೆಗೆ ಸಂಬಳದ ನೂರಕ್ಕೆ 90 ಭಾಗ. ಇದಕ್ಕೆ ಇಷ್ಟು ದಿನ ಕಂತು ಕಟ್ಟಿರಬೇಕೆಂಬ ಷರತ್ತಿಲ್ಲ, ಸೇರಿದ ಮೊದಲ ದಿನದಿಂದಲೇ ಸಲ್ಲುತ್ತದೆ. ಕೆಲಸದಲ್ಲಿ ಪ್ರಾಣವೇ ಹೋದರೆ ಅವಲಂಬಿತರಿಗೆ ತಿಂಗಳು ತಿಂಗಳೂ ಹಣ.

ಈಗ ಇದೇ ಲೆಕ್ಕವನ್ನು ತಿರುಗಿಸಿ ನೋಡಿರಿ. ಅದೇ ಹುಡುಗ ಹೆಸರು ಬರೆಯದ ಹೋಟೆಲಿನಲ್ಲಿ ಕುದಿಯುವ ಎಣ್ಣೆ ಮೈಮೇಲೆ ಬಿದ್ದು ಮಲಗಿದ ಎನ್ನೋಣ. ಆಸ್ಪತ್ರೆಯವರು ಹಣ ಕೇಳುತ್ತಾರೆ. ಮಾಲೀಕನು ಒಳ್ಳೆಯವನಾದರೆ ಹತ್ತು ಸಾವಿರ ಕೊಟ್ಟಾನು. ಅಲ್ಲವಾದರೆ ‘ಇವನು ನಮ್ಮವನೇ ಅಲ್ಲ’ ಎಂದಾನು. ಉಳಿದದ್ದು ಎಲ್ಲಿಂದ ಬರಬೇಕು? ಹಸು ಮಾರಬೇಕು, ಇಲ್ಲವೆ ಹೊಲ ಅಡವಿಡಬೇಕು. ಪಟ್ಟಣದ ಹೋಟೆಲಿನ ಮಾಲೀಕ ಉಳಿಸಿದ 455 ರೂಪಾಯಿಯ ಹೊರೆಯನ್ನು ಕೊನೆಗೆ ಹೊರುವುದು ಹಳ್ಳಿಯ ಎರಡೆಕರೆ ಹೊಲ. ಹಾಗಾಗಿ ಇದು ಕೇವಲ ಕಾರ್ಮಿಕರ ವಿಷಯವಲ್ಲ, ರೈತರ ವಿಷಯವೂ ಹೌದು.

ಕಾಯಿದೆ ಇದ್ದೂ ಏಕೆ ನಡೆಯುತ್ತಿಲ್ಲ?

ಇದರಲ್ಲಿ ಮೂವರ ಪಾಲು ಇದೆ.

ಮಾಲೀಕನ ಪಾಲು ಮೊದಲನೆಯದು. ಪಕ್ಕದ ಹೋಟೆಲಿನವನು ಬರೆಯುವುದಿಲ್ಲ, ತಾನು ಬರೆದರೆ ಇಡ್ಲಿಯ ಬೆಲೆ ಏರಿಸಬೇಕು, ಗಿರಾಕಿ ಪಕ್ಕಕ್ಕೆ ಹೋಗುತ್ತಾನೆ ಎಂಬ ಭಯ ಅವನಿಗೆ. ನ್ಯಾಯವಾಗಿ ನಡೆಯುವವನಿಗೇ ನಷ್ಟವಾಗುವುದು ಈ ರೋಗದ ಕೆಟ್ಟ ಲಕ್ಷಣ. ಇನ್ನು ಕೆಲವರು ಮಿತಿಗೆ ಸಿಗಬಾರದೆಂದು ಹದಿನೈದು ಆಳಿಟ್ಟುಕೊಂಡು ಒಂಬತ್ತೇ ಹೆಸರು ಬರೆಯುತ್ತಾರೆ.

ಎರಡನೆಯದು ಆಳಿನ ಪಾಲು. ‘ಹಿಡಿಯಬೇಡಿ, ಪೂರ್ತಿ ಕೈಗೇ ಕೊಡಿ’ ಎಂದು ನಮ್ಮ ಹುಡುಗರೇ ಕೇಳುವುದುಂಟು. ಊರಿನ ಸಾಲ ಕಣ್ಣಮುಂದೆ ಇರುತ್ತದೆ, ಮುಪ್ಪು ದೂರ ಇರುತ್ತದೆ. ಮುಂಗಡ ತೆಗೆದುಕೊಂಡವನಿಗಂತೂ ಬಾಯಿ ಬಿಡುವ ಧೈರ್ಯವೇ ಇರುವುದಿಲ್ಲ.

ಮೂರನೆಯದು ಗಿರಾಕಿಯ ಪಾಲು. ಊಟ ಮಾಡಿದವನು ಬಿಲ್ಲು ಕೇಳುವುದಿಲ್ಲ. ಅಪಾರ್ಟ್‌ಮೆಂಟಿನ ಸಂಘದವರು ಎಲ್ಲಕ್ಕಿಂತ ಅಗ್ಗದ ಏಜೆನ್ಸಿಯನ್ನು ಆರಿಸುತ್ತಾರೆ. ಅಷ್ಟು ಅಗ್ಗಕ್ಕೆ ಅದು ಹೇಗೆ ಸಾಧ್ಯವಾಯಿತು ಎಂದು ಯಾರೂ ವಿಚಾರಿಸುವುದಿಲ್ಲ.

ಬೇರೆ ದೇಶಗಳು ಏನು ಮಾಡಿವೆ?

ಈ ಕಷ್ಟ ನಮಗೊಬ್ಬರಿಗೇ ಬಂದದ್ದಲ್ಲ. ಶ್ರೀಮಂತ ದೇಶಗಳಲ್ಲಿಯೂ ಹೋಟೆಲು, ಕ್ಷೌರ, ಮನೆಗೆಲಸಗಳಲ್ಲಿ ಇದೇ ಪಾಡು. ಅವರು ಹಿಡಿದ ದಾರಿಗಳು ತಿಳಿದಿರುವುದು ಒಳ್ಳೆಯದು.

ಸ್ವೀಡನ್ ದೇಶದಲ್ಲಿ 2007ರಿಂದ ಊಟದ ಹೋಟೆಲುಗಳೂ ಕ್ಷೌರದ ಅಂಗಡಿಗಳೂ ಕೆಲಸದ ಸ್ಥಳದಲ್ಲಿಯೇ ಆಳುಗಳ ಪುಸ್ತಕ ಇಡಬೇಕು. ಯಾರು, ಎಷ್ಟು ಗಂಟೆಗೆ ಬಂದರು, ಎಷ್ಟು ಗಂಟೆಗೆ ಹೋದರು ಎಂದು ಆಯಾ ದಿನವೇ ಬರೆಯಬೇಕು. ತೆರಿಗೆ ಅಧಿಕಾರಿ ಹೇಳದೆ ಕೇಳದೆ ಬಂದು ಪುಸ್ತಕದ ಹೆಸರುಗಳಿಗೂ ಒಲೆಯ ಮುಂದೆ ನಿಂತವರಿಗೂ ತಾಳೆ ನೋಡುತ್ತಾನೆ. ತಾಳೆಯಾಗದಿದ್ದರೆ ದಂಡ.

ಫ್ರಾನ್ಸಿನಲ್ಲಿ ಆಳು ಕೆಲಸಕ್ಕೆ ಕೈ ಹಚ್ಚುವ ಮೊದಲೇ ಅವನ ಹೆಸರನ್ನು ಸರ್ಕಾರಕ್ಕೆ ತಿಳಿಸಿರಬೇಕು. ‘ನಿನ್ನೆ ತಾನೇ ಸೇರಿದ, ನಾಳೆ ಬರೆಯುತ್ತೇವೆ’ ಎಂಬ ನೆಪಕ್ಕೆ ಅಲ್ಲಿ ಜಾಗವಿಲ್ಲ.

ಬೆಲ್ಜಿಯಂ ದೇಶ 2004ರಿಂದ ಮನೆಗೆಲಸಕ್ಕೆ ಚೀಟಿಯ ಪದ್ಧತಿ ನಡೆಸಿದೆ. ಮನೆಯವರು ಚೀಟಿಗಳನ್ನು ಕೊಂಡು, ಆಕೆ ದುಡಿದ ಗಂಟೆಗಳ ಲೆಕ್ಕಕ್ಕೆ ಚೀಟಿ ಕೊಡುತ್ತಾರೆ. ಆಕೆಯನ್ನು ನೇಮಿಸಿಕೊಂಡ ಸಂಸ್ಥೆ ಆ ಚೀಟಿಗಳನ್ನು ಹಣ ಮಾಡಿಕೊಳ್ಳುತ್ತದೆ. ಚೀಟಿಯ ಬೆಲೆಯ ಮೇಲೆ ಸರ್ಕಾರವೂ ತನ್ನ ಪಾಲು ಸೇರಿಸುತ್ತದೆ. ಮನೆಯವರಿಗೆ ಅಗ್ಗವಾಯಿತು, ಆಕೆಗೆ ಕರಾರೂ ವಿಮೆಯೂ ಸಿಕ್ಕಿತು. ಸ್ವೀಡನ್ ಕೂಡ 2007ರಿಂದ, ಲೆಕ್ಕವಿಟ್ಟ ಸಂಸ್ಥೆಯಿಂದ ಮನೆಗೆಲಸ ಮಾಡಿಸಿದವರಿಗೆ ಕೂಲಿಯ ಅರ್ಧದಷ್ಟನ್ನು ತೆರಿಗೆಯಲ್ಲಿ ಕಳೆಯಲು ಅವಕಾಶ ಕೊಟ್ಟಿತು. ಇದಕ್ಕೆ ಒಂದು ಮೇಲ್ಮಿತಿ ಉಂಟು.

ಇವುಗಳಲ್ಲಿ ಎರಡು ಬಗೆ ಇವೆ. ಒಂದು ಬರೆಯದವನನ್ನು ಹಿಡಿಯುವುದು, ಇನ್ನೊಂದು ಬರೆಯುವವನಿಗೆ ಲಾಭ ತೋರಿಸುವುದು. ಎತ್ತಿಗೆ ಬಾರುಕೋಲೂ ಬೇಕು, ಹಿಂಡಿಯೂ ಬೇಕು. ಬರಿಯ ಬಾರುಕೋಲಿನಿಂದ ಉಳುಮೆ ಸಾಗುವುದಿಲ್ಲ.

ಎಲ್ಲವೂ ನಮಗೆ ಹೊಂದುತ್ತವೆಯೇ? ಹೊಂದುವುದಿಲ್ಲ. ಬೆಲ್ಜಿಯಂನ ಚೀಟಿಗೆ ಸರ್ಕಾರ ಕೈಯಿಂದ ದೊಡ್ಡ ಹಣ ಹಾಕಬೇಕು. ನಮ್ಮಲ್ಲಿ ಆ ಹಣ ಪಟ್ಟಣದ ಅನುಕೂಲಸ್ಥರ ಮನೆಯ ಖರ್ಚಿಗೆ ಹೋದಂತಾದೀತು. ತೆರಿಗೆಯ ರಿಯಾಯಿತಿಯೂ ತೆರಿಗೆ ಕಟ್ಟುವವನಿಗೆ ಮಾತ್ರ ಉಪಯೋಗ. ಆದರೆ ಆಳುಗಳ ಪುಸ್ತಕ ಮತ್ತು ಮೊದಲೇ ಹೆಸರು ತಿಳಿಸುವ ನಿಯಮ ಇವೆರಡಕ್ಕೂ ಹೆಚ್ಚು ಖರ್ಚಿಲ್ಲ. ಕೈಯಲ್ಲಿ ಮೊಬೈಲು ಇರುವ ಈ ಕಾಲದಲ್ಲಿ ಅವು ಕಷ್ಟವೂ ಅಲ್ಲ.

ನಮ್ಮಲ್ಲಿ ಆಗಿರುವುದು, ಆಗಬೇಕಾದುದು

ನಮ್ಮ ಸರ್ಕಾರಗಳೂ ಕೈಕಟ್ಟಿ ಕುಳಿತಿಲ್ಲ. ಕರ್ನಾಟಕ 2004ರಲ್ಲಿಯೇ ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಮಾಡಿತು. 2025ರಲ್ಲಿ ಅವರ ಸಾಮಾಜಿಕ ಭದ್ರತೆಗಾಗಿ ಕರಡು ಮಸೂದೆಯೊಂದನ್ನು ಪ್ರಕಟಿಸಿತು. ಅದೇ ವರ್ಷ ಊಟ, ಸಾಮಾನು ಹಂಚುವವರಿಗೂ ಆಪ್ ಮೂಲಕ ಗಾಡಿ ಓಡಿಸುವವರಿಗೂ ಒಂದು ಕಾಯಿದೆ ಮಾಡಿತು. ಅದರ ಪ್ರಕಾರ ಪ್ರತಿ ವ್ಯವಹಾರದಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಮೇಲೆ ನೂರಕ್ಕೆ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕೊಡಬೇಕು. ಇದರಲ್ಲಿ ಒಂದು ಒಳ್ಳೆಯ ಯುಕ್ತಿ ಇದೆ. ಅವನು ನೌಕರನೋ ಪಾಲುದಾರನೋ ಎಂಬ ವಾದ ಮುಗಿಯುವವರೆಗೆ ಕಾಯದೆ, ಹಣ ಹರಿಯುವ ತೂಬಿನಲ್ಲಿಯೇ ಕಲ್ಯಾಣದ ಪಾಲನ್ನು ತಿರುಗಿಸಿಕೊಂಡಂತಾಯಿತು.

ಕೇಂದ್ರ ಸರ್ಕಾರವು ಬರೆಯದೆ ಬಿಟ್ಟ ಹೆಸರುಗಳನ್ನು ತಾವಾಗಿಯೇ ಬರೆಸಲು ಮಾಲೀಕರಿಗೆ ಅವಕಾಶ ಕೊಟ್ಟಿತು. 2017ರ ಜುಲೈ 1ರಿಂದ 2025ರ ಅಕ್ಟೋಬರ್ 31ರೊಳಗೆ ಸೇರಿದ ಆಳುಗಳನ್ನು ಪಿ.ಎಫ್.ಗೆ ಸೇರಿಸಲು 2025ರ ನವೆಂಬರ್ 1ರಿಂದ 2026ರ ಏಪ್ರಿಲ್ 30ರವರೆಗೆ ಅವಧಿ ಗೊತ್ತುಮಾಡಿ, ದಂಡವನ್ನು ಕೇವಲ 100 ರೂಪಾಯಿಗೆ ಇಳಿಸಿತು. ಇನ್ನೊಂದು ಯೋಜನೆಯಲ್ಲಿ, 2025ರ ಆಗಸ್ಟ್ 1ರಿಂದ 2027ರ ಜುಲೈ 31ರೊಳಗೆ ಮೊದಲ ಬಾರಿಗೆ ಪಿ.ಎಫ್. ಸೇರಿದವರಿಗೆ ಒಂದು ತಿಂಗಳ ವೇತನದಷ್ಟು, 15,000 ರೂಪಾಯಿಗೆ ಮೀರದಂತೆ, ಎರಡು ಕಂತಿನಲ್ಲಿ ಸಿಗುತ್ತದೆ. ಹೊಸ ಆಳುಗಳನ್ನು ಸೇರಿಸಿದ ಮಾಲೀಕನಿಗೂ ತಿಂಗಳಿಗೆ ಒಬ್ಬ ಆಳಿಗೆ 3,000 ರೂಪಾಯಿವರೆಗೆ ಸಹಾಯವಿದೆ. ಇದು ಹಿಂಡಿ ತೋರಿಸುವ ದಾರಿ.

ಆದರೂ ಮಾಡಬೇಕಾದುದು ಉಳಿದಿದೆ. ನಮ್ಮ ಅಭಿಪ್ರಾಯದಲ್ಲಿ ಈ ನಾಲ್ಕು ಮುಖ್ಯವಾದವು.

ಮೊದಲನೆಯದಾಗಿ, ಹಾಜರಿ ಪುಸ್ತಕ ಮಾಲೀಕನ ಕಪಾಟಿನಲ್ಲಿ ಇದ್ದರೆ ಸಾಲದು. ತನ್ನ ಹೆಸರು ಅದರಲ್ಲಿ ಇದೆಯೇ ಎಂದು ಆಳು ತಾನೇ ನೋಡುವಂತಿರಬೇಕು. ಡೇರಿಯಲ್ಲಿ ಹಾಲು ಹಾಕಿದ ಕೂಡಲೇ ಎಷ್ಟು ಲೀಟರು, ಎಷ್ಟು ಡಿಗ್ರಿ ಎಂದು ನಿಮಗೆ ಲೆಕ್ಕ ಸಿಗುತ್ತದೆಯಲ್ಲವೆ? ಆ ಲೆಕ್ಕ ಸಿಗುವುದರಿಂದಲೇ ಡೇರಿಯ ಮೇಲೆ ನಂಬಿಕೆ ನಿಂತಿದೆ. ಒಂದು ದಿನದ ದುಡಿಮೆಗೂ ಅಂಥ ಲೆಕ್ಕ ಸಿಗಬೇಕು.

ಎರಡನೆಯದಾಗಿ, ಆಳು ಸೇರುವ ಮುನ್ನವೇ ಹೆಸರು ದಾಖಲಾಗಬೇಕು. ಅಪಘಾತವಾದ ಮರುದಿನ ಹೆಸರು ಬರೆಯುವ ಚಾಳಿ ನಿಲ್ಲಬೇಕು.

ಮೂರನೆಯದಾಗಿ, ಕೆಲಸ ಯಾರಿಗಾಗಿ ನಡೆಯುತ್ತದೆಯೋ ಅವರನ್ನೇ ಹೊಣೆ ಮಾಡಬೇಕು. ಗುತ್ತಿಗೆದಾರ ಕಂತು ಕಟ್ಟದಿದ್ದರೆ ಮೂಲ ಮಾಲೀಕನೇ ಕಟ್ಟಬೇಕೆಂಬುದು ಇ.ಎಸ್.ಐ.ಯ ಹಳೆಯ ನಿಯಮ. ಆಸ್ಪತ್ರೆ, ಕಾಲೇಜು, ಸರ್ಕಾರಿ ಕಚೇರಿಗಳು ಏಜೆನ್ಸಿಯ ಬಿಲ್ಲು ಪಾಸು ಮಾಡುವ ಮುನ್ನ ಕಂತಿನ ರಸೀತಿ ನೋಡುವುದನ್ನು ತಪ್ಪದೆ ಪಾಲಿಸಿದರೆ ಬಹಳ ಕೆಲಸವಾಗುತ್ತದೆ.

ನಾಲ್ಕನೆಯದಾಗಿ, ಹತ್ತು, ಇಪ್ಪತ್ತರ ಮಿತಿಯ ಕೆಳಗಿರುವವರಿಗೆ ಸುಲಭದ ಬಾಗಿಲು ಬೇಕು. ಮೂರು ಆಳಿನ ಸಣ್ಣ ಹೋಟೆಲಿನವನ ಮೇಲೆ ದೊಡ್ಡ ಕಂಪನಿಗೆ ಹಾಕುವಷ್ಟೇ ಕಾಗದದ ಹೊರೆ ಹಾಕಿದರೆ ಅವನು ಹೆದರಿ ಮತ್ತಷ್ಟು ಬಚ್ಚಿಡುತ್ತಾನೆ. ಅವನು ಒಂದೇ ಕಡೆ, ಒಂದೇ ಸಲ, ಸಣ್ಣ ಮೊತ್ತ ಕಟ್ಟುವಂತಿರಬೇಕು. ಬಿಗಿ ಮಾಡಿದರೆ ಕೆಲಸವೇ ಹೋದೀತು ಎಂಬ ಅಂಜಿಕೆ ಸುಳ್ಳಲ್ಲ. ಅದಕ್ಕಾಗಿಯೇ ದೊಡ್ಡವರಿಂದ ಆರಂಭಿಸಿ, ಸಣ್ಣವರಿಗೆ ಕಾಲಾವಕಾಶ ಕೊಟ್ಟು, ಹಂತ ಹಂತವಾಗಿ ಬರಬೇಕು.

ನೀವು ಮಾಡಬಹುದಾದ ಕೆಲಸ

ಸರ್ಕಾರ ಮಾಡುವುದನ್ನು ಸರ್ಕಾರ ಮಾಡಲಿ. ಮನೆಯಲ್ಲಿಯೂ ಹಳ್ಳಿಯಲ್ಲಿಯೂ ಈಗಲೇ ಆಗುವ ಕೆಲಸಗಳಿವೆ.

1. ಮಗನೋ ಮಗಳೋ ಕೆಲಸಕ್ಕೆ ಹೊರಡುವಾಗ ಮಾಲೀಕನ ಹೆಸರು, ಸಂಸ್ಥೆಯ ವಿಳಾಸ, ಏಜೆಂಟನ ಮೊಬೈಲು ನಂಬರು ಇವನ್ನು ಮನೆಯ ಪುಸ್ತಕದಲ್ಲಿ ಬರೆದಿಡಿರಿ. ‘ಬೆಂಗಳೂರಿನಲ್ಲಿ ಯಾವುದೋ ಹೋಟೆಲು’ ಎಂಬುದು ವಿಳಾಸವಲ್ಲ.

2. ನೇಮಕಾತಿ ಪತ್ರ ಕೇಳಲು ಹೇಳಿರಿ. ಹತ್ತು ಮತ್ತು ಅದಕ್ಕೂ ಹೆಚ್ಚು ಕೆಲಸಗಾರರಿರುವ ಕಡೆ ಪತ್ರ ಕೊಡಬೇಕೆಂದು 2020ರ ಸಂಹಿತೆಯೊಂದರಲ್ಲಿ ಸ್ಪಷ್ಟವಾಗಿದೆ. ಪತ್ರ ಕೊಡದಿದ್ದರೆ ಸಂಬಳವನ್ನು ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳಲಿ. ಬ್ಯಾಂಕಿನ ಪಾಸ್‌ಪುಸ್ತಕವೂ ಒಂದು ಸಾಕ್ಷಿಯೇ. ಗುರುತಿನ ಚೀಟಿ, ಸಮವಸ್ತ್ರದ ಫೋಟೋ, ಮಾಲೀಕ ಕಳಿಸಿದ ಸಂದೇಶ ಇವನ್ನೂ ಜೋಪಾನ ಮಾಡಲಿ.

3. ‘ಪಿ.ಎಫ್. ಹಿಡಿಯುತ್ತಾರೆ’ ಎಂದಾಕ್ಷಣ ಅದು ಖಾತೆಗೆ ಬಂತೆಂದು ತಿಳಿಯಬೇಡಿರಿ. ಖಾತೆಯ ನಂಬರು ಪಡೆದು ಉಮಂಗ್ ಆಪ್‌ನಲ್ಲಿ ಮೂರು ತಿಂಗಳಿಗೊಮ್ಮೆ ನೋಡಿಕೊಳ್ಳಲಿ. ಹಿಡಿದು ಕಟ್ಟದಿರುವುದು ಅಪರಾಧ. ಮಾಲೀಕನು ತನ್ನ ಪಾಲನ್ನೂ ಆಳಿನ ಸಂಬಳದಿಂದಲೇ ಹಿಡಿಯುವುದೂ ಕಾಯಿದೆಗೆ ವಿರುದ್ಧ.

4. ಮಾಲೀಕ ಹೆಸರು ಬರೆಸಿಲ್ಲವೆಂದು ಪೆಟ್ಟಾದಾಗ ಸುಮ್ಮನೆ ಊರಿಗೆ ಹಿಂತಿರುಗಬೇಡಿರಿ. ಕಾಯಿದೆಗೆ ಒಳಪಟ್ಟ ಸಂಸ್ಥೆಯಾದರೆ ಇ.ಎಸ್.ಐ. ನಿಗಮವು ಆಳಿಗೆ ಸೌಲಭ್ಯ ಕೊಟ್ಟು ಅದನ್ನು ಮಾಲೀಕನಿಂದ ವಸೂಲು ಮಾಡಬಹುದು. ಒಳಪಡದ ಸಣ್ಣ ಸಂಸ್ಥೆಯಾದರೂ ಕೆಲಸದಲ್ಲಾದ ಅಪಘಾತಕ್ಕೆ ಪರಿಹಾರ ಕೇಳುವ ಹಕ್ಕು 1923ರ ಕಾಯಿದೆಯ ಕಾಲದಿಂದಲೂ ಇದೆ. ಅಲ್ಲಿ ಮೊದಲು ಕೇಳುವ ಪ್ರಶ್ನೆ ಒಂದೇ: ‘ನೀನು ಇವರಲ್ಲಿ ದುಡಿಯುತ್ತಿದ್ದೆ ಎನ್ನಲು ಆಧಾರವೇನು?’ ಎರಡನೆಯ ಸಲಹೆಯಲ್ಲಿ ಹೇಳಿದ ಕಾಗದಗಳು ಬೇಕಾಗುವುದು ಆಗಲೇ. ವಕೀಲರ ಖರ್ಚಿಗೆ ಹೆದರಬೇಡಿರಿ. ಹೆಂಗಸರಿಗೂ ಪರಿಶಿಷ್ಟ ಜಾತಿ, ವರ್ಗದವರಿಗೂ ಕಡಿಮೆ ವರಮಾನದವರಿಗೂ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಪುಕ್ಕಟೆ ನೆರವು ಸಿಗುತ್ತದೆ.

5. ಇ.ಎಸ್.ಐ., ಪಿ.ಎಫ್. ಎರಡೂ ಇಲ್ಲದವರು, 16ರಿಂದ 59 ವರ್ಷದೊಳಗಿನವರು, ಇ-ಶ್ರಮ್ ನೋಂದಣಿ ಮಾಡಿಸಿಕೊಳ್ಳಲಿ. 2021ರ ಆಗಸ್ಟ್ 26ರಂದು ಆರಂಭವಾದ ಇದರಲ್ಲಿ ದೇಶದಾದ್ಯಂತ 30 ಕೋಟಿಗೂ ಹೆಚ್ಚು ಜನ ಹೆಸರು ಬರೆಸಿದ್ದಾರೆ. ಆಧಾರ್, ಮೊಬೈಲು, ಬ್ಯಾಂಕ್ ಪಾಸ್‌ಪುಸ್ತಕ ಸಾಕು. ಆದರೆ ಒಂದು ಎಚ್ಚರಿಕೆ: ಇ-ಶ್ರಮ್ ಕಾರ್ಡು ಇ.ಎಸ್.ಐ.ಗೆ ಬದಲಿಯಲ್ಲ. ‘ಕಾರ್ಡು ಇದೆಯಲ್ಲ, ಇನ್ನೇನು’ ಎನ್ನುವ ಮಾಲೀಕನ ಮಾತಿಗೆ ಮರುಳಾಗಬೇಡಿರಿ.

6. ಗ್ರಾಮಸಭೆಯಲ್ಲಿ ಒಂದು ಮಾತು ಎತ್ತಿರಿ. ಊರಿನಿಂದ ಹೊರಗೆ ದುಡಿಯಲು ಹೋದವರ ಹೆಸರು, ಹೋದ ಊರು, ಕೆಲಸ ಕೊಟ್ಟವರ ವಿವರ ಇವುಗಳ ಒಂದು ಪುಸ್ತಕವನ್ನು ಪಂಚಾಯತಿಯಲ್ಲಿ ಇಡುವಂತೆ ಕೇಳಿರಿ. ಯಾವ ಏಜೆಂಟು ಸರಿ, ಯಾವನು ಮೋಸಗಾರ ಎಂಬುದು ಆ ಪುಸ್ತಕದಿಂದಲೇ ಎರಡು ವರ್ಷದಲ್ಲಿ ಊರಿಗೆಲ್ಲ ತಿಳಿದುಬಿಡುತ್ತದೆ. 2020ರಲ್ಲಿ ಕೊರೋನ ಬಂದು ಊರುಗಳು ಬಂದಾದಾಗ ಯಾರ ಮಕ್ಕಳು ಎಲ್ಲಿ ಸಿಕ್ಕಿಕೊಂಡಿದ್ದಾರೆಂಬ ಲೆಕ್ಕ ಸಿಗದೆ ಎಲ್ಲರೂ ಪಟ್ಟ ಪಾಡು ನೆನಪಿರಬೇಕು.

ನಮ್ಮ ಅಂಗಳದ ಮಾತು

ಕಡೆಯದಾಗಿ, ನಮ್ಮಲ್ಲಿಯೇ ಕೆಲಸ ಕೊಡುವವರೂ ಇದ್ದಾರೆ. ಹೆದ್ದಾರಿಯ ಪಕ್ಕದ ಡಾಬಾ, ಟ್ರ್ಯಾಕ್ಟರ್ ಬಾಡಿಗೆ, ಶಾಮಿಯಾನ, ಹಿಟ್ಟಿನ ಗಿರಣಿ, ಗ್ಯಾರೇಜು ಇವೆಲ್ಲ ರೈತರ ಮನೆಯವರೇ ನಡೆಸುವ ಕಸುಬುಗಳು. ಮಗನಿಗೆ ಪಟ್ಟಣದ ಮಾಲೀಕ ನ್ಯಾಯ ಮಾಡಲಿ ಎಂದು ಬಯಸುವವರು ಟ್ರ್ಯಾಕ್ಟರಿನ ಡ್ರೈವರನಿಗೂ ನ್ಯಾಯ ಮಾಡಬೇಕು. ಅವನ ಹೆಸರು, ಸೇರಿದ ದಿನ, ಕೊಟ್ಟ ಕೂಲಿ ಇವನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿರಿ. ಗಾಡಿಯ ವಿಮೆ ಮಾಡಿಸುವಾಗ ಡ್ರೈವರನಿಗೂ ಸೇರಿಸಿ ವಿಮೆ ಮಾಡಿಸಿರಿ. ಆಳು ಹತ್ತಕ್ಕಿಂತ ಕಡಿಮೆ ಇದ್ದರೂ ಮಾಲೀಕನೂ ಹೆಚ್ಚಿನ ಆಳುಗಳೂ ಒಪ್ಪಿದರೆ ಇ.ಎಸ್.ಐ.ಗೆ ಸೇರಲು ಸಂಹಿತೆಯಲ್ಲಿ ಅವಕಾಶವಿದೆ. ಬರೆದಿಟ್ಟ ಲೆಕ್ಕ ಆಳಿಗೆ ಮಾತ್ರವಲ್ಲ, ಮಾಲೀಕನಿಗೂ ರಕ್ಷೆ. ನಾಳೆ ಇಲ್ಲದ ಬಾಕಿಗೆ ಯಾರೂ ತಕರಾರು ಮಾಡಲಾರರು.

ಬಾಂಧವರೆ, ಬಿತ್ತುವ ಮುನ್ನ ಬೀಜದ ರಸೀತಿ ಕೇಳುತ್ತೀರಿ, ಗೊಬ್ಬರದ ಚೀಲಕ್ಕೆ ಬಿಲ್ಲು ಕೇಳುತ್ತೀರಿ, ತೂಕದ ಚೀಟಿ ಇಲ್ಲದೆ ಮಂಡಿಯಲ್ಲಿ ಮಾಲು ಬಿಡುವುದಿಲ್ಲ. ಒಂದು ಜೀವದ ವರ್ಷವಿಡೀ ದುಡಿಮೆಗೆ ರಸೀತಿ ಕೇಳುವುದು ಅದಕ್ಕಿಂತ ಹೆಚ್ಚಿನದೇನಲ್ಲ. ಈ ವಾರ ಮಗನೋ ಮಗಳೋ ಫೋನು ಮಾಡಿದಾಗ ಊಟ ಆಯಿತೇ, ಮಳೆ ಬಂತೇ ಎಂಬ ಮಾತಿನ ಜೊತೆಗೆ ಇನ್ನೊಂದು ಮಾತು ಸೇರಿಸಿ ಕೇಳಿರಿ: ‘ಪುಸ್ತಕದಲ್ಲಿ ನಿನ್ನ ಹೆಸರು ಬರೆದಿದ್ದಾರೆಯೇ?’